ಏನು ಬದಲಾಯಿತು, ಏನು ಬದಲಾಗಲಿಲ್ಲ?

ನಮ್ಮ ಮನೆಯ ಉರ್ದುವಿನಲ್ಲಿ ಪಹೇಲಿ, ಕನ್ನಡದಲ್ಲಿ ಒಗಟು. ನಾನು ಓದುವುದು ಕಾಮರ್ಸ್. ಆದರೂ ಭೌತಶಾಸ್ತ್ರದ ಒಗಟು ನಮಗಲ್ಲ ಎಂದು ಬಿಡಬೇಕಿಲ್ಲ. ಮೇಲಿನ ಪ್ರಶ್ನೆಯನ್ನು ಕೇಳಿಕೊಂಡರೆ ದಾರಿ ಸಿಗುತ್ತದೆ.

ಒಗಟು 1: ಮದ್ದೂರಿನಿಂದ ಮಂಡ್ಯಕ್ಕೆ ಒಂದೇ ವೇಗದಲ್ಲಿ ನೇರವಾಗಿ ಓಡುತ್ತಿರುವ ರೈಲಿನೊಳಗೆ ನಾಣ್ಯವನ್ನು ನೇರ ಮೇಲಕ್ಕೆ ಚಿಮ್ಮಿದರೆ ಎಲ್ಲಿ ಬೀಳುತ್ತದೆ?

ಉತ್ತರ: ನಿಮ್ಮ ಕೈಗೇ. ಕೈ ಬಿಟ್ಟ ಮೇಲೂ ನಾಣ್ಯಕ್ಕಿದ್ದ ರೈಲಿನ ವೇಗ ಬದಲಾಗುವುದಿಲ್ಲ. ನಮ್ಮ ದೇಹಕ್ಕೂ ಹಾಗೆಯೇ. ಓಡುವ ರೈಲಿನಿಂದ ಇಳಿದರೆ ಪ್ಲಾಟ್‌ಫಾರಂ ಮುಟ್ಟಿದ ಕಾಲು ನಿಲ್ಲುತ್ತದೆ, ಮೈ ಮುಂದಕ್ಕೆ ಹೋಗಿ ಬೀಳುತ್ತೇವೆ. ಕಾಲೇಜಿಗೆ ತಡವಾಗಿದ್ದರೂ ರೈಲು ಪೂರ್ತಿ ನಿಂತ ಮೇಲೆಯೇ ಇಳಿಯಿರಿ.

ಒಗಟು 2: 1902ರಲ್ಲಿ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿ.ಮೀ. ದೂರ ವಿದ್ಯುತ್ ಹೋಯಿತು. ಅಷ್ಟೇ ವಿದ್ಯುತ್ತನ್ನು ಅದೇ ತಂತಿಯಲ್ಲಿ ಹತ್ತು ಪಟ್ಟು ವೋಲ್ಟೇಜಿನಲ್ಲಿ ಕಳಿಸಿದರೆ, ತಂತಿ ಬಿಸಿಯಾಗಿ ಆಗುವ ನಷ್ಟ ಎಷ್ಟಕ್ಕೆ ಇಳಿಯುತ್ತದೆ?

ಉತ್ತರ: ಹತ್ತರಲ್ಲೊಂದು ಅಲ್ಲ, ನೂರರಲ್ಲೊಂದು ಪಾಲಿಗೆ. ತಂತಿ ಬದಲಾಗಲಿಲ್ಲ, ಕರೆಂಟ್ ಹತ್ತರಲ್ಲೊಂದಾಯಿತು. ನಷ್ಟ ಕರೆಂಟಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ 100 ರೂಪಾಯಿ ನಷ್ಟ 1 ರೂಪಾಯಿಗೆ ಇಳಿದಂತೆ. ದೂರದ ಲೈನ್‌ಗಳಲ್ಲಿ ವೋಲ್ಟೇಜ್ ಹೆಚ್ಚಿಡುವುದು ಅದಕ್ಕೇ.

ಒಗಟು 3, ನಿಮಗೆ: ನೀರಿನ ತೊಟ್ಟಿಯಲ್ಲಿ ಪಾತ್ರೆಯೊಂದು ತೇಲುತ್ತಿದೆ. ಅದರೊಳಗೆ ಮದ್ದೂರಿನ ಒಂದು ಎಳನೀರು ಇದೆ. ಎಳನೀರನ್ನು ತೆಗೆದು ತೊಟ್ಟಿಯ ನೀರಿಗೆ ಬಿಟ್ಟರೆ ನೀರಿನ ಮಟ್ಟ ಏರುತ್ತದೆಯೇ, ಇಳಿಯುತ್ತದೆಯೇ? ಸುಳಿವು: ಎಳನೀರು ಮೊದಲೂ ತೇಲುತ್ತಿತ್ತು, ಈಗಲೂ ತೇಲುತ್ತಿದೆ.