ಸಾಣೆ ಹಿಡಿದರೂ ಡ್ರಿಲ್ ಬಿಟ್ ಇಳಿಯುತ್ತಿಲ್ಲವೇ?

ನಿಮ್ಮ ಬಿಟ್ ಕೊರೆಯುತ್ತಿಲ್ಲ, ಬರೀ ಉಜ್ಜುತ್ತಿದೆ. ಅಂಚಿನ ಹಿಂಭಾಗ ಅಂಚಿಗಿಂತ ತಗ್ಗಿರದಿದ್ದರೆ ಎಷ್ಟು ಒತ್ತಿದರೂ ಅದು ಕಬ್ಬಿಣಕ್ಕೆ ಇಳಿಯದು. ಸಾಮಾನ್ಯ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬಿಟ್ಟಿನ ತುದಿಯ ಕೋನ 118 ಡಿಗ್ರಿ. ಆದ್ದರಿಂದ ಬಿಟ್ಟನ್ನು ಗ್ರೈಂಡರ್ ಕಲ್ಲಿನ ಮುಖಕ್ಕೆ ಅದರ ಅರ್ಧ, ಅಂದರೆ 59 ಡಿಗ್ರಿ ಓರೆಯಾಗಿ, ಕೊರೆಯುವ ಅಂಚು ಮಟ್ಟವಾಗಿರುವಂತೆ ಹಿಡಿಯಿರಿ. ಅಂಚು ಕಲ್ಲಿಗೆ ತಾಗಿದೊಡನೆ ಹಿಡಿಯ ಕಡೆಯನ್ನು ನಿಧಾನವಾಗಿ ಕೆಳಗಿಳಿಸಿ, ಹಿಂಭಾಗ ತಾನಾಗಿ ಸವೆಯುತ್ತದೆ. ಎರಡೂ ಅಂಚುಗಳ ಉದ್ದ ಸಮವಿರಲೇಬೇಕು, ಇಲ್ಲವಾದರೆ ತೂತು ದೊಡ್ಡದಾಗುತ್ತದೆ. ಸರಿಯಾಗಿದ್ದರೆ ಎರಡೂ ಕಡೆಯಿಂದ ಕಬ್ಬಿಣದ ಸುರುಳಿ ಒಂದೇ ಸಮ ಏಳುತ್ತದೆ. ಅದನ್ನು ನೋಡುವುದೇ ಒಂದು ಖುಷಿ.

ಕನ್ನಡಕ ಹಾಕಿಕೊಳ್ಳಿ. ಕೈಗವಸು ಬೇಡ, ಕಲ್ಲು ಎಳೆದುಕೊಂಡೀತು. ಗೋಡೆ ಕೊರೆಯುವ ಬಿಟ್ಟಿನ ತುದಿ ಕಾರ್ಬೈಡ್. ಮಾಮೂಲಿ ಬೂದು ಕಲ್ಲಿಗೆ ಅದು ಜಗ್ಗದು, ಹೊಸದನ್ನೇ ಕೊಳ್ಳಿ.