ಮಹಾಮಾರಿಯ ಕಾಲದಲ್ಲಿ ಸ್ತನ ಕ್ಯಾನ್ಸರಿನ ತಪಾಸಣೆ ಮತ್ತು ರೋಗನಿದಾನ

ನಮ್ಮ ನಾಡಿನ ಹಿರಿಯರು ಕಳೆದ ಕಾಲವನ್ನು ಎಣಿಸುವಾಗ ಪ್ಲೇಗಿನ ವರ್ಷ, ಇನ್‌ಫ್ಲುಯೆಂಜಾದ ವರ್ಷ, ಬರಗಾಲದ ವರ್ಷ ಎಂದು ಗುರುತು ಹೇಳುತ್ತಿದ್ದರು. 1898ರಲ್ಲಿ ಬೆಂಗಳೂರನ್ನು ಮುತ್ತಿದ ಪ್ಲೇಗು, 1918ರಲ್ಲಿ ದೇಶವನ್ನೆಲ್ಲ ಆವರಿಸಿದ ಇನ್‌ಫ್ಲುಯೆಂಜಾ ಇವುಗಳಿಗೆ ಬಲಿಯಾದವರ ವಿಚಾರವನ್ನು ಇತಿಹಾಸವು ದಾಖಲಿಸಿದೆ. ಆದರೆ ಅದೇ ದಿನಗಳಲ್ಲಿ ಬೇರೆ ಬೇನೆಗಳಿಂದ ನರಳುತ್ತ, ವೈದ್ಯನ ಬಾಗಿಲನ್ನು ತಲುಪಲಾರದೆ ಹೋದವರೂ ಇದ್ದಿರಲೇಬೇಕು. ಅಂಥವರ ಲೆಕ್ಕವು ಸುಲಭವಾಗಿ ದೊರೆಯುವುದಿಲ್ಲ.

2020ನೆಯ ಇಸವಿ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್-19 ರೋಗವನ್ನು ಮಹಾಮಾರಿಯೆಂದು ಸಾರಿತು. ಈ ಸಲ ಮಾತ್ರ ವೈದ್ಯವಿಜ್ಞಾನವು ಆ ಮರೆತ ಲೆಕ್ಕವನ್ನೂ ಇಡಲು ಯತ್ನಿಸಿದೆ. ಆ ಲೆಕ್ಕದಲ್ಲಿ ಸ್ತನ ಕ್ಯಾನ್ಸರಿನ ವಿಚಾರವು ವಿಶೇಷವಾಗಿ ಮನನೀಯವಾದುದು. 2022ರ ಅಂದಾಜಿನಂತೆ ಭಾರತದಲ್ಲಿ ಆ ಒಂದು ವರ್ಷದಲ್ಲಿ ಸುಮಾರು 1 ಲಕ್ಷ 92 ಸಾವಿರ ಸ್ತ್ರೀಯರಿಗೆ ಈ ರೋಗವು ಹೊಸದಾಗಿ ತಗಲಿತು. ಸುಮಾರು 98 ಸಾವಿರ ಮಂದಿ ಇದರಿಂದ ಮೃತರಾದರು. ಹೀಗಿರುವಾಗ ಮಹಾಮಾರಿಯೊಂದು ಬಂದರೆ ಈ ರೋಗವನ್ನು ಗುರುತಿಸುವ ಕಾರ್ಯಕ್ಕೆ ಏನಾಗುತ್ತದೆ, ಅದರಿಂದ ನಾವು ಕಲಿಯಬೇಕಾದುದೇನು ಎಂಬುದನ್ನು ಇಲ್ಲಿ ವಿವೇಚಿಸಲಾಗಿದೆ.

ಎರಡು ಬೇರೆ ಬೇರೆ ಕಾರ್ಯಗಳು

ತಪಾಸಣೆ ಬೇರೆ, ರೋಗನಿದಾನ ಬೇರೆ. ಈ ಭೇದವನ್ನು ಮೊದಲು ಮನಗಾಣಬೇಕು. ಯಾವ ತೊಂದರೆಯೂ ಕಾಣದ, ಆರೋಗ್ಯವಂತಳೆಂದೇ ತೋರುವ ಸ್ತ್ರೀಯನ್ನು ನಿಯತಕಾಲದಲ್ಲಿ ಪರೀಕ್ಷಿಸುವುದು ತಪಾಸಣೆ. ಸ್ತನದ ಕ್ಷ-ಕಿರಣ ಚಿತ್ರವಾದ ಮ್ಯಾಮೊಗ್ರಫಿಯು ಇದರ ಮುಖ್ಯ ಸಾಧನ. ಕೈಗೆ ಸಿಗದಷ್ಟು ಚಿಕ್ಕ ಗಂಟನ್ನೂ ಅದು ತೋರಿಸಬಲ್ಲದು. ರೋಗನಿದಾನವಾದರೋ ಗಂಟು ಕಂಡುಬಂದ ಮೇಲೆ ನಡೆಯುವ ಕಾರ್ಯ. ವೈದ್ಯರು ಕೈಯಿಂದ ಪರೀಕ್ಷಿಸಿ, ಚಿತ್ರ ತೆಗೆಸಿ, ಸೂಜಿಯಿಂದ ಗಂಟಿನ ಚೂರನ್ನು ತೆಗೆದು ಸೂಕ್ಷ್ಮದರ್ಶಕದಡಿಯಲ್ಲಿ ನೋಡಿ ನಿರ್ಣಯಿಸುತ್ತಾರೆ. ಬಯಾಪ್ಸಿಯೆಂದು ಕರೆಯುವುದು ಇದನ್ನೇ.

ಮಹಾಮಾರಿಯು ಬಂದಾಗ ಮೊದಲು ನಿಲ್ಲುವುದು ತಪಾಸಣೆ. ಆರೋಗ್ಯವಂತರನ್ನು ಆಸ್ಪತ್ರೆಗೆ ಕರೆಸಿ ಸೋಂಕಿಗೆ ಒಡ್ಡುವುದು ಉಚಿತವಲ್ಲವೆಂಬುದು ನ್ಯಾಯವಾದ ಮಾತೇ ಸರಿ. ಆದರೆ ಅದೇ ವೇಳೆಯಲ್ಲಿ ಯಾರೂ ಉದ್ದೇಶಿಸದೆಯೇ ರೋಗನಿದಾನದ ಬಾಗಿಲೂ ಅರ್ಧ ಮುಚ್ಚಿಹೋಗುತ್ತದೆ. ಅನರ್ಥದ ಮೂಲವಿರುವುದು ಇಲ್ಲಿ.

ಪರದೇಶಗಳ ಅನುಭವ

ಬ್ರಿಟನ್ನಿನಲ್ಲಿ 1988ರಿಂದ ಸರ್ಕಾರವೇ ಸ್ತನ ತಪಾಸಣೆಯನ್ನು ನಡೆಸುತ್ತ ಬಂದಿದೆ. ಅಲ್ಲಿ 50ರಿಂದ 70 ವರ್ಷದೊಳಗಿನ ಸ್ತ್ರೀಯರನ್ನು ಮೂರು ವರ್ಷಕ್ಕೊಮ್ಮೆ ಮ್ಯಾಮೊಗ್ರಫಿಗೆ ಕರೆಯುತ್ತಾರೆ. 2020ರ ಮಾರ್ಚ್ ತಿಂಗಳಿನಿಂದ ಕೆಲವು ತಿಂಗಳ ಕಾಲ ಈ ಕಾರ್ಯವು ಬಹುತೇಕ ನಿಂತುಹೋಯಿತು. ಇದರಿಂದ ಸುಮಾರು 10 ಲಕ್ಷ ಸ್ತ್ರೀಯರ ತಪಾಸಣೆ ತಪ್ಪಿತೆಂದು ಅಲ್ಲಿನ ಸೇವಾಸಂಸ್ಥೆಯೊಂದು ಅಂದಾಜು ಮಾಡಿತು. ಪುನಃ ಆರಂಭವಾದ ಮೇಲೂ ಒಬ್ಬರಿಂದ ಒಬ್ಬರಿಗೆ ಅಂತರವಿರಿಸಿ, ಪ್ರತಿ ಸಲವೂ ಯಂತ್ರವನ್ನು ಶುಚಿಗೊಳಿಸಬೇಕಾಗಿದ್ದುದರಿಂದ ದಿನವೊಂದಕ್ಕೆ ಪರೀಕ್ಷಿಸಬಹುದಾದವರ ಸಂಖ್ಯೆ ಕುಗ್ಗಿತು.

ಲಸಿಕೆ ಬಂದ ಬಳಿಕ ಮತ್ತೊಂದು ತೊಡಕು ತಲೆದೋರಿತು. ಲಸಿಕೆ ಹಾಕಿಸಿಕೊಂಡ ತೋಳಿನ ಕಡೆಯ ಕಂಕುಳಿನಲ್ಲಿ ದುಗ್ಧಗ್ರಂಥಿಗಳು ಕೆಲಕಾಲ ಊದಿಕೊಳ್ಳುವುದುಂಟು. ಕ್ಯಾನ್ಸರ್ ಹರಡಿದಾಗಲೂ ಊದುವುದು ಇವೇ ಗ್ರಂಥಿಗಳು. ಆದುದರಿಂದ ಚಿತ್ರವನ್ನು ನೋಡುವ ವೈದ್ಯರು, ಲಸಿಕೆಯನ್ನು ಎಂದು, ಯಾವ ತೋಳಿಗೆ ಹಾಕಲಾಯಿತೆಂದು ಕೇಳಿ ಬರೆದುಕೊಳ್ಳಬೇಕಾಯಿತು.

ವಿಳಂಬದ ಬೆಲೆ

ಈ ವಿಳಂಬಕ್ಕೆ ತೆರಬೇಕಾದ ಬೆಲೆಯೆಷ್ಟು? 2020ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯು ಹನ್ನೆರಡು ಲಕ್ಷಕ್ಕೂ ಹೆಚ್ಚು ಕ್ಯಾನ್ಸರ್ ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿತು. ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯು ನಾಲ್ಕು ವಾರ ತಡವಾದರೆ ಸಾವಿನ ಸಂಭವವು ಸುಮಾರು ಶೇಕಡಾ 8ರಷ್ಟು ಹೆಚ್ಚುವುದೆಂದು ಅದರಿಂದ ತಿಳಿದುಬಂದಿತು. ಇಂಗ್ಲೆಂಡಿನ ಕುರಿತ ಮತ್ತೊಂದು ಅಧ್ಯಯನವು, ನಿದಾನದಲ್ಲಿ ಆದ ವಿಳಂಬದಿಂದ ಐದು ವರ್ಷಗಳೊಳಗೆ ಸ್ತನ ಕ್ಯಾನ್ಸರಿನ ಸಾವುಗಳು ಶೇಕಡಾ 7.9ರಿಂದ 9.6ರವರೆಗೆ ಹೆಚ್ಚಬಹುದೆಂದು ಗಣಿಸಿತು.

ಅಮೆರಿಕದ ವಿದ್ವಾಂಸರು 2021ರಲ್ಲಿ ಪ್ರಕಟಿಸಿದ ಲೆಕ್ಕವು ಇನ್ನೂ ಹೆಚ್ಚು ಬೋಧಪ್ರದವಾಗಿದೆ. ಮಹಾಮಾರಿಯ ಅಡಚಣೆಯಿಂದಾಗಿ 2030ರೊಳಗೆ ಆ ದೇಶದಲ್ಲಿ ಸುಮಾರು 2,500 ಹೆಚ್ಚಿನ ಸಾವುಗಳು ಸಂಭವಿಸಬಹುದೆಂದು ಅವರು ಅಂದಾಜು ಮಾಡಿದರು. ಇದರಲ್ಲಿ ತಪಾಸಣೆ ತಪ್ಪಿದುದರ ಪಾಲು ಸುಮಾರು 950. ಲಕ್ಷಣಗಳು ಕಂಡಮೇಲೂ ನಿದಾನ ತಡವಾದುದರ ಪಾಲು ಸುಮಾರು 1,314. ಇವೆಲ್ಲ ಗಣಿತದ ಮಾದರಿಗಳಿಂದ ಪಡೆದ ಅಂದಾಜುಗಳೇ ಹೊರತು ಎಣಿಸಿದ ಸಾವುಗಳಲ್ಲ. ಆದರೂ ಅವು ತೋರುವ ದಿಕ್ಕು ಸ್ಪಷ್ಟವಾಗಿದೆ. ಆರೋಗ್ಯವಂತರ ತಪಾಸಣೆಯು ಕೆಲವು ತಿಂಗಳು ಮುಂದಕ್ಕೆ ಹೋದರೆ ಅದನ್ನು ಬಹುಮಟ್ಟಿಗೆ ಸರಿಪಡಿಸಿಕೊಳ್ಳಬಹುದು. ಕೈಗೆ ಸಿಕ್ಕ ಗಂಟನ್ನು ಮುಂದಕ್ಕೆ ಹಾಕಿದರೆ ಆಗುವ ನಷ್ಟವನ್ನು ತುಂಬಿಕೊಳ್ಳುವುದು ಕಠಿಣ.

ನಮ್ಮ ದೇಶದ ಸ್ಥಿತಿ

ಭಾರತದಲ್ಲಿ ಬ್ರಿಟನ್ನಿನಂತೆ ಎಲ್ಲ ಸ್ತ್ರೀಯರಿಗೂ ಮ್ಯಾಮೊಗ್ರಫಿ ಮಾಡುವ ಪದ್ಧತಿಯಿಲ್ಲ. ಕೇಂದ್ರ ಸರ್ಕಾರವು 2016ರಲ್ಲಿ ರೂಪಿಸಿದ ಮಾರ್ಗಸೂಚಿಯು, 30ರಿಂದ 65 ವರ್ಷದ ಸ್ತ್ರೀಯರನ್ನು ತರಬೇತಿ ಪಡೆದ ಆರೋಗ್ಯ ಸಿಬ್ಬಂದಿಯು ಐದು ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷಿಸಬೇಕೆಂದು ವಿಧಿಸಿತು. ಈ ಸರಳ ವಿಧಾನವು ನಿರರ್ಥಕವಲ್ಲ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಿಂದ ಒಂದೂವರೆ ಲಕ್ಷಕ್ಕೂ ಹೆಚ್ಚು ಸ್ತ್ರೀಯರಲ್ಲಿ ನಡೆಸಿದ ದೀರ್ಘ ಅಧ್ಯಯನದಲ್ಲಿ, ಈ ಪರೀಕ್ಷೆಗೊಳಗಾದವರಲ್ಲಿ ರೋಗವು ಮುಂಚಿನ ಹಂತದಲ್ಲಿಯೇ ಪತ್ತೆಯಾಯಿತು. 50 ಮತ್ತು ಅದಕ್ಕೂ ಹೆಚ್ಚಿನ ವಯಸ್ಸಿನವರಲ್ಲಿ ಮರಣ ಪ್ರಮಾಣವು ಸುಮಾರು ಶೇಕಡಾ 30ರಷ್ಟು ಇಳಿಯಿತು. ಅದಕ್ಕಿಂತ ಕಿರಿಯರಲ್ಲಿ ಮಾತ್ರ ಅಂಥ ಇಳಿಕೆ ಕಾಣಲಿಲ್ಲ.

ಮಹಾಮಾರಿಯು ಬಂದಾಗ ಆಶಾ ಕಾರ್ಯಕರ್ತೆಯರೂ ದಾದಿಯರೂ ಮನೆಮನೆಯ ಜ್ವರ ಸಮೀಕ್ಷೆಗೆ ನಿಯುಕ್ತರಾದರು. 2020ರ ಮಾರ್ಚ್ 25ರಿಂದ ಲಾಕ್‌ಡೌನ್ ಜಾರಿಗೆ ಬಂದು ಬಸ್ಸು, ರೈಲುಗಳು ನಿಂತವು. ದೇಶದ 41 ಕ್ಯಾನ್ಸರ್ ಕೇಂದ್ರಗಳ ಆ ವರ್ಷದ ಮಾರ್ಚ್‌ನಿಂದ ಮೇವರೆಗಿನ ಅಂಕಿಗಳನ್ನು ಹಿಂದಿನ ವರ್ಷದ ಅದೇ ತಿಂಗಳುಗಳೊಡನೆ ಹೋಲಿಸಿದಾಗ, ಎಲ್ಲ ಬಗೆಯ ಕ್ಯಾನ್ಸರುಗಳೂ ಸೇರಿ, ಹೊಸ ರೋಗಿಗಳ ನೋಂದಣಿಯು 1,12,270ರಿಂದ 51,760ಕ್ಕೆ ಕುಸಿದಿತ್ತು. ಅಂದರೆ ಶೇಕಡಾ 54ರಷ್ಟು ಇಳಿಕೆ. ಬಯಾಪ್ಸಿ ಮೊದಲಾದ ಪರೀಕ್ಷೆಗಳು ಶೇಕಡಾ 38ರಷ್ಟು, ದೊಡ್ಡ ಶಸ್ತ್ರಚಿಕಿತ್ಸೆಗಳು ಶೇಕಡಾ 49ರಷ್ಟು ಕಡಿಮೆಯಾಗಿದ್ದವು.

ರೋಗವೇನೂ ಆ ಮೂರು ತಿಂಗಳಲ್ಲಿ ಅರ್ಧಕ್ಕೆ ಇಳಿದಿರಲಿಲ್ಲ. ಇಳಿದದ್ದು ಆಸ್ಪತ್ರೆಯನ್ನು ತಲುಪಿದವರ ಸಂಖ್ಯೆ ಮಾತ್ರ. ಬೀದರಿನಿಂದ ಬೆಂಗಳೂರಿಗೆ ಸುಮಾರು 700 ಕಿಲೋಮೀಟರು. ಆ ಕಡೆಯ ಹಳ್ಳಿಯೊಂದರ ಸ್ತ್ರೀಯು ಕಿದ್ವಾಯಿ ಆಸ್ಪತ್ರೆಗೆ ಬರಬೇಕಾದರೆ ಬಸ್ಸು ಬೇಕು, ಜೊತೆಗೊಬ್ಬರು ಬೇಕು, ತಂಗಲು ಸ್ಥಳ ಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಪ್ರಯಾಣವು ನಿಲ್ಲುತ್ತದೆ. ಇದರ ಮೇಲೆ ಸಂಕೋಚವೊಂದಿದೆ. ಸ್ತನದ ಗಂಟು ಮೊದಮೊದಲು ಸಾಮಾನ್ಯವಾಗಿ ನೋಯುವುದಿಲ್ಲ. ನೋವಿಲ್ಲದ್ದನ್ನು ಯಾರಿಗೆ ಹೇಳುವುದು, ಸುಗ್ಗಿ ಮುಗಿಯಲಿ, ಮಗಳ ಮದುವೆ ಆಗಲಿ ಎಂದು ಮುಂದೂಡುವ ತಾಯಂದಿರು ಎಲ್ಲ ಕಾಲದಲ್ಲಿಯೂ ಇದ್ದಾರೆ. ಮಹಾಮಾರಿಯು ಆ ಮುಂದೂಡುವಿಕೆಗೆ ಮತ್ತೊಂದು ನೆಪವನ್ನು ಒದಗಿಸಿತು.

ನಾವು ಕಲಿಯಬೇಕಾದ ಪಾಠ

ಮುಂದೆ ಇಂಥ ವಿಪತ್ತು ಮತ್ತೆ ಬಾರದೆಂದು ಹೇಳಲಾಗದು. ಆಗ ತಪಾಸಣೆಯನ್ನು ನಿಲ್ಲಿಸಬೇಕಾಗಿ ಬಂದರೂ ಗಂಟು ಕಂಡವರಿಗೆ ಪ್ರತ್ಯೇಕ ಬಾಗಿಲೊಂದು ತೆರೆದಿರಬೇಕು. ತಪಾಸಣೆ ತಪ್ಪಿದವರ ಪಟ್ಟಿಯನ್ನು ಜೋಪಾನವಾಗಿಟ್ಟು, ಹೆಚ್ಚು ಅಪಾಯವುಳ್ಳವರನ್ನು ಮೊದಲು ಕರೆಯಬೇಕು. ಇದು ಸರ್ಕಾರ ಮತ್ತು ವೈದ್ಯರ ಹೊಣೆ.

ಉಳಿದುದು ನಮ್ಮ ಹೊಣೆ. ಸ್ತನದಲ್ಲಾಗಲಿ ಕಂಕುಳಿನಲ್ಲಾಗಲಿ ಹೊಸ ಗಂಟು, ಮೊಲೆತೊಟ್ಟು ಹೊಸದಾಗಿ ಒಳಸೇರುವುದು, ರಕ್ತಮಿಶ್ರಿತ ಸ್ರಾವ, ಚರ್ಮವು ಕಿತ್ತಳೆಯ ಸಿಪ್ಪೆಯಂತಾಗುವುದು, ಇವು ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕೆಂಬ ಮಾತನ್ನು ಉಪಾಧ್ಯಾಯಿನಿಯರು ತಾಯಂದಿರ ಸಭೆಯಲ್ಲಿ ನಿಸ್ಸಂಕೋಚವಾಗಿ ಹೇಳಬಹುದು. ಹೆಚ್ಚಿನ ಗಂಟುಗಳು ಕ್ಯಾನ್ಸರ್ ಅಲ್ಲವೆಂಬ ಸಮಾಧಾನವನ್ನೂ ಜೊತೆಗೇ ಹೇಳಬೇಕು. ವೈದ್ಯರಾಗಿರುವ ಹಳೆಯ ವಿದ್ಯಾರ್ಥಿಗಳು ತಮ್ಮ ಊರಿನಲ್ಲಿ ವರ್ಷಕ್ಕೊಂದು ದಿನವನ್ನು ಈ ಪರೀಕ್ಷೆಗೆ ಮೀಸಲಿಡಬಹುದು. ದಾನಿಗಳಿಗೆ ಒಂದು ಬಿನ್ನಹ: ಯಂತ್ರವನ್ನು ಕೊಡಿಸುವುದು ದೊಡ್ಡ ಕೆಲಸವೇ ಸರಿ. ಆದರೆ ಚಿತ್ರವನ್ನು ಓದಬಲ್ಲ ತಜ್ಞರಿಲ್ಲದೆಡೆ ಯಂತ್ರವು ಮೂಲೆ ಸೇರುತ್ತದೆ. ಬಡ ಸ್ತ್ರೀಯೊಬ್ಬಳಿಗೂ ಅವಳ ಜೊತೆಗಾರರಿಗೂ ನಗರದವರೆಗಿನ ಪ್ರಯಾಣದ ವೆಚ್ಚ, ನಾಲ್ಕು ದಿನದ ವಸತಿ, ಎರಡು ಹೊತ್ತಿನ ಊಟ ಇವಿಷ್ಟು ದೊರೆತರೆ, ತಿಂಗಳುಗಟ್ಟಲೆ ಮುಂದಕ್ಕೆ ಹೋಗುತ್ತಿದ್ದ ನಿದಾನವು ಈ ವಾರವೇ ಆದೀತು.