ದೋಣಿಯ ಆಂಪ್ಲಿಫೈಯರ್: ಲೆಕ್ಕ ಹಲಗೆಯಿಂದ ಶುರುವಾಗಲಿ

ಮಳೆಗಾಲದಲ್ಲಿ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಪ್ರವಾಸಿ ದೋಣಿಗಳು ಹೋಗುವುದಿಲ್ಲ. ದಡಕ್ಕೇರಿದ ದೋಣಿಗಳ ರಿಪೇರಿಗೆ ಅದೇ ಸಮಯ. ಈ ಅಂಕಣಕಾರನಿಗೂ ಅಂಥದೊಂದು ಫೈಬರ್ ದೋಣಿಯಲ್ಲಿ ಸಣ್ಣ ಪಾಲಿದೆ. ಪಾಲುದಾರರು ಸೇರಿ 600 ವಾಟ್‌ನ ಹೊಸ ಆಂಪ್ಲಿಫೈಯರ್ ಹಾಕಿಸಲು ಹೊರಟಾಗ ಬಂದ ಅಂದಾಜುಪಟ್ಟಿಯಲ್ಲಿ ಯಂತ್ರಕ್ಕೆ 22,000 ರೂಪಾಯಿ, ಕೂರಿಸಲು 1,500 ಎಂದಿತ್ತು. ಎಲ್ಲರೂ ಮೊದಲ ಮೊತ್ತಕ್ಕೆ ಚೌಕಾಸಿ ಮಾಡಿದರೆ, ಅಂಕಣಕಾರ ತಕರಾರು ತೆಗೆದದ್ದು ಎರಡನೆಯದಕ್ಕೆ. ಅದು ತೀರಾ ಕಡಿಮೆ.

ಆ ದುಡ್ಡಿಗೆ ಆಗುವುದು ಸಿಕ್ಕಿದ ಕಡೆ ನಾಲ್ಕು ಸ್ಕ್ರೂ ಬಿಗಿಯುವ ಕೆಲಸ ಮಾತ್ರ. ದೋಣಿಯ ಹೊರಗೋಡೆಗೆ ಬಿಗಿದು, ಸ್ಕ್ರೂ ತುಸು ಉದ್ದವಾದರೆ ನೀರು ನೇರ ಒಳಗೆ. ತಳದ ಉದ್ದ ತೊಲೆಗಳಿಗೆ ಬಿಗಿದರೂ ನೆಮ್ಮದಿಯಿಲ್ಲ. ಅನೇಕ ದೋಣಿಗಳಲ್ಲಿ ಆ ತೊಲೆಗಳ ಒಳಗೆ ಮರ ಅಥವಾ ಪ್ಲೈವುಡ್ ಇರುತ್ತದೆ. ಸ್ಕ್ರೂ ತೂತಿನಿಂದ ಇಳಿದ ನೀರು ಅಲ್ಲೇ ನಿಂತು ಮರ ಕೊಳೆಯುತ್ತದೆ. ಮೇಲಿನ ಫೈಬರ್ ಮಾತ್ರ ಹೊಸದರಂತೆ ಹೊಳೆಯುತ್ತಿರುತ್ತದೆ. ಆಮೇಲೆ ಅದನ್ನು ಸರಿಪಡಿಸಬೇಕೆಂದರೆ ಡೆಕ್ಕನ್ನೇ ಕತ್ತರಿಸಬೇಕು.

ಕೊನೆಗೆ ಪಾಲುದಾರರು ಒಪ್ಪಿದ ದಾರಿ ಬೇರೆ. ಐಎಸ್ 710 ಗುರುತಿನ 18 ಮಿಲಿಮೀಟರ್ ಮರೀನ್ ಪ್ಲೈವುಡ್ ತುಂಡಿಗೆ ಆರೂ ಮಗ್ಗುಲು ಎಪಾಕ್ಸಿ ಬಳಿದು, ಸೀಟಿನ ಹಿಂದಿನ ಅಡ್ಡಗೋಡೆಯನ್ನು ಉಜ್ಜಿ ಒರಟು ಮಾಡಿ, ಹಲಗೆಯನ್ನು ಎಪಾಕ್ಸಿಯಿಂದಲೇ ಅಂಟಿಸಿದರು. ಬಿಳಿ ಪ್ಲಾಸ್ಟಿಕ್ ಹಲಗೆ ಚೆಂದ ಕಾಣುತ್ತದೆ, ಕೊಳೆಯುವುದೂ ಇಲ್ಲ. ಆದರೆ ಅದಕ್ಕೆ ಅಂಟು ಹಿಡಿಯುವುದಿಲ್ಲ. ಆಂಪ್ಲಿಫೈಯರನ್ನು 316 ದರ್ಜೆಯ ಸ್ಟೀಲ್ ಸ್ಕ್ರೂಗಳಿಂದ ಹಲಗೆಗೆ ಬಿಗಿದರು. ಸ್ಕ್ರೂ ಒಳಹೋಗುವುದು 12 ಮಿಲಿಮೀಟರ್ ಮಾತ್ರ, ಹಾಗಾಗಿ ಅದು ಫೈಬರನ್ನು ಮುಟ್ಟುವ ಮಾತೇ ಇಲ್ಲ. ತಳದಲ್ಲಿ ನಿಲ್ಲುವ ನೀರಿಗಿಂತ ಸಾಕಷ್ಟು ಮೇಲೆ, ಸುತ್ತ ಗಾಳಿಯಾಡುವ ಜಾಗವದು. ಫೈಬರ್ ಶಾಖವನ್ನು ಸಾಗಿಸುವುದಿಲ್ಲವಾದ್ದರಿಂದ ಮುಚ್ಚಿದ ಗೂಡಿನಲ್ಲಿಟ್ಟ ಆಂಪ್ಲಿಫೈಯರ್ ತನ್ನ ಬಿಸಿಯಲ್ಲೇ ಬೇಯುತ್ತದೆ. ಪೆಟ್ರೋಲ್ ಟ್ಯಾಂಕ್ ಇರುವ ಗೂಡಿನಲ್ಲಂತೂ ಇಡಲೇಬಾರದು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ತಳದಲ್ಲೇ ಕೂರುತ್ತದೆ. ಒಂದು ಕಿಡಿ ಸಾಕು.

ವಯರಿನಲ್ಲಿ ಜಿಪುಣತನ ಬೇಡ. ಕ್ಲಾಸ್ ಡಿ ಆಂಪ್ಲಿಫೈಯರ್ 80 ಪ್ರತಿಶತ ದಕ್ಷವೆಂದು ಹಿಡಿದರೂ, 12 ವೋಲ್ಟ್‌ನಲ್ಲಿ 600 ವಾಟ್ ಕೊಡಲು 62 ಆಂಪಿಯರ್ ಎಳೆಯುತ್ತದೆ. ಕಾರಿನಲ್ಲಾದರೆ ಲೋಹದ ಬಾಡಿಯೇ ನೆಗೆಟಿವ್ ದಾರಿ. ಫೈಬರಿನಲ್ಲಿ ವಿದ್ಯುತ್ ಹರಿಯದು, ಎರಡೂ ವಯರುಗಳು ಬ್ಯಾಟರಿಯವರೆಗೆ ಹೋಗಬೇಕು. ಬ್ಯಾಟರಿ ನಾಲ್ಕು ಮೀಟರ್ ದೂರವಿದ್ದುದರಿಂದ ತವರ ಲೇಪಿಸಿದ 25 ಚದರ ಮಿಲಿಮೀಟರ್ ತಾಮ್ರದ ಕೇಬಲ್ ಬೇಕಾಯಿತು. ಬರಿ ತಾಮ್ರ ಉಪ್ಪುಗಾಳಿಗೆ ಬೇಗ ಕಪ್ಪಾಗುತ್ತದೆ. ಫ್ಯೂಸ್ ಇರಬೇಕಾದದ್ದು ಬ್ಯಾಟರಿಯ ಪಕ್ಕದಲ್ಲೇ. ಅಮೆರಿಕದ ದೋಣಿ ಮಾನದಂಡ ಸಾಮಾನ್ಯವಾಗಿ ಹೇಳುವ ಅಂತರ 7 ಇಂಚು.

ಹಲಗೆ, ಎಪಾಕ್ಸಿ, ಕೇಬಲ್, ಫ್ಯೂಸ್, ಕೂಲಿ ಸೇರಿ 11,000 ರೂಪಾಯಿ ಆಯಿತು, ಯಂತ್ರದ ಬೆಲೆಯ ಅರ್ಧ. ಒಬ್ಬ ಪಾಲುದಾರರಿಗೆ ಇದು ದುಂದು ಎನಿಸಿತು. ಅಂಕಣಕಾರ ಒಪ್ಪುವುದಿಲ್ಲ. ಉಪ್ಪುಗಾಳಿಯಲ್ಲಿ ಆಂಪ್ಲಿಫೈಯರ್ ಇಂದಲ್ಲ ನಾಳೆ ಕೆಡುವ ವಸ್ತು. ಹಲಗೆಯೂ ಕೇಬಲ್ಲೂ ಮುಂದಿನದಕ್ಕೂ ಆಗುತ್ತವೆ. ಕೈಯಲ್ಲಿ 25,000 ಮಾತ್ರ ಇದ್ದರೆ ಸಣ್ಣ ಆಂಪ್ಲಿಫೈಯರ್ ಕೊಳ್ಳಿ, ಕೂರಿಸುವ ಖರ್ಚಿಗೆ ಕೈಹಾಕಬೇಡಿ. ಅಂದಾಜುಪಟ್ಟಿ ಕೇಳುವಾಗ ಹಲಗೆ, ಕೇಬಲ್, ಫ್ಯೂಸ್ ಮೂರಕ್ಕೂ ಬೇರೆಬೇರೆ ದರ ಬರೆಸಿಕೊಳ್ಳಿ.